ಮಾಳಿಗಿ ಏರೋಕಿಂತ ಮೊದಲ ಒಂದು ಕೂಗು

ಮೊದಲ ಸುದ್ದಿ ಹೇಳಿಬಿಡ್ತೀನಿ, ಉಳಿದದ್ದು ಆಮ್ಯಾಲ. ನನ್ನ ಮಗಳು ರೇಣುಕಾ ನಮ್ಮ ಓಣಿಗೇ ಬರಾಕತ್ತಾಳ! ಇವತ್ತ ಮುಂಜಾನಿ ಓಣಿ ಮಂದಿಯೆಲ್ಲ ಕೂಡಿ, ನಮ್ಮ ಓಣ್ಯಾಗಿನ ಖಾಲಿ ಜಾಗದಾಗ ಅಪಾರ್ಟ್‌ಮೆಂಟ್ ಏಳಲಿ ಅಂತ ಒಪ್ಪಿಗಿ ಕೊಟ್ಟಾರ. ಅದರಾಗ ಎರಡನೇ ಅಂತಸ್ತಿನ, ಗುಡ್ಡದ ಕಡಿ ಮಾರಿ ಮಾಡಿದ ಮನಿ ನನ್ನ ಮಗಳದು. ನಮ್ಮ ಕಟ್ಟಿ ಮ್ಯಾಲ ಕುಂತು ನಾನು "ಭೂಮೀ" ಅಂತ ಕರದ್ರ, ಅಲ್ಲಿಂದ ನನ್ನ ಮೊಮ್ಮಗಳು "ಏನ್ ಮುತ್ಯಾ" ಅಂತ ಓ ಅನಬೇಕು. ಅಷ್ಟು ಹತ್ರ.

ಮುಂಜಾನಿಂದ ಈ ಸುದ್ದಿ ಎಷ್ಟು ಮಂದಿಗಿ ಹೇಳೀನೋ ನನಗೇ ನೆಪ್ಪಿಲ್ಲ. ಚಾದಂಗಡಿಯವಗ ಹೇಳ್ದೆ. ಕಾಯಿಪಲ್ಲೆ ಮಾರೋ ಅಕ್ಕಗ ಹೇಳ್ದೆ, ಆಕಿ ಖುಷಿಗಿ ಒಂದು ಹಿಡಿ ಕೊತಂಬರಿ ಜಾಸ್ತಿ ಹಾಕಿದಳು. ಆಫೀಸಿನಾಗ ಕ್ಲರ್ಕ್ ಇದ್ದು ರಿಟೈರ್ ಆದ ನಮ್ಮ ಓಣಿ ಶಿವಶರಣಪ್ಪನವ್ರು ಹಾದ್ಯಾಗ ಸಿಕ್ರು, ಅವರಿಗೂ ಹೇಳ್ದೆ. ಅವರು ನಿಂತು ನನ್ನ ಮಾರಿ ನೋಡಿ, "ಮಾನಪ್ಪಣ್ಣ, ಆ ಸಭಾ ಕರದಂವ ನಾನೇ ಅಲ್ಲೇನೋ?" ಅಂದ್ರು. "ಇರಲಿ ಬಿಡ್ರಿ ಸಾಹೇಬ್ರ, ಇನ್ನೊಮ್ಮಿ ಕೇಳಿದ್ರ ಏನು ಸವೀತದ?" ಅಂದೆ.

ನಾನು ಮೂರನೇತ್ತಾ ತನಕ ಸಾಲಿ ಕಲ್ತಂವ. ನನ್ನ ಅಕ್ಷರ ನೋಡಿದ್ರ ಮಾಳಿಗಿ ಮ್ಯಾಲ ಸುರುವಿದ ಮಣ್ಣಿನ ಹೆಂಟಿಗೋಳು ನೆಪ್ಪಾಗ್ತಾವ. ಖುಷಿ ತುಂಬಿ ಚೆಲ್ಲಾಕತ್ತದ. ಮಾತು ಅತ್ತಾಗ ಇತ್ತಾಗ ಹರದ್ರ ನೀವೇ ಜರಾ ಕೈಯಿಲೆ ಕೂಡಿಸಿಕೊಂಡು ಓದ್ರಿ.

ಈ ಒಪ್ಪಿಗಿ ಕಥಿ ಹೇಳಬೇಕಂದ್ರ ನನ್ನ ಬಾಯಿ ಚಟದ ಕಥಿ ಮೊದಲ ಹೇಳಬೇಕಾಗ್ತದ. ಎಲಿ ಅಡಿಕಿ ಚಟ ಅಲ್ರಿ. ಅದೂ ಅದ, ಅದು ಆಮ್ಯಾಲ ಬರ್ತದ. ಇದು ಕೂಗೋ ಚಟ. ಎಲ್ಲಿ ಏರಬೇಕಾದ್ರೂ ಒಂದು ಕಾಲು ನಿಚ್ಚಣಿಕಿ ಮ್ಯಾಲ ಇಟ್ಟು, ಗಂಟಲು ಬಿಚ್ಚಿ ಕೂಗ್ತೀನಿ: "ಏರಾಕತ್ತೀನ್ರವ್ವೋ... ಸಾವರಿಸಿಕೊಳ್ರೀ!"

ನಮ್ಮಪ್ಪ ಮಾಳಿಗಿ ಕೆಲಸದಂವ. ನಾನೂ ಅದನ್ನೇ ಮಾಡ್ಕೋತ ಬಂದೆ. ನಮ್ಮ ಶಹಾಪುರದ ಹಳೇ ಮನಿಗೋಳಿಗಿ ಹೆಂಚಿಲ್ಲ, ತಗಡಿಲ್ಲ. ಕಟ್ಟಿಗಿ ತೊಲಿ, ಅದರ ಮ್ಯಾಲ ಜಂತಿ, ಜಂತಿ ಮ್ಯಾಲ ದಪ್ಪಗ ಮಣ್ಣು. ವರ್ಷಾ ವರ್ಷಾ ಮಳಿ ಬರೋಕಿಂತ ಮೊದಲ, ನೀರು ಇಳಿಯಗೊಡದ ಹೊಸ ಕರ್ಲ ಮಣ್ಣು ಹೊತ್ತು ಹಾಕಿ, ನೀರು ಚಿಮುಕಿಸಿ, ಕಾಲಿಲೆ ತುಳಿದು, ಕಟ್ಟಿಗಿ ಕೊಡ್ತಿಲೆ ಬಡೀಬೇಕು. ಬಡಿಯೋದು ಬಿಟ್ರ ಮೊದಲ ಮಳಿಗೇ ಹಾಸಿಗಿ ತೋಯ್ತದ. ಅದಕ್ಕೇ ಸಾಲಿ ಬಿಡಿಸಿ ನಮ್ಮಪ್ಪ ನನ್ನ ಕೈಯಾಗ ಕೊಡ್ತಿ ಕೊಟ್ಟ. ನನಗೇನು ದುಃಖ ಆಗಲಿಲ್ಲ. ಸಾಲ್ಯಾಗ ಹಿಂದಿನ ಸಾಲಿನಾಗ ಕುಂತಂವಗ ಮಾಳಿಗಿ ಮ್ಯಾಲ ಏಕದಮ್ ಊರಿಗಿಂತ ಎತ್ತರದ ಜಾಗ ಸಿಕ್ಕಿತ್ತು.

ಆದ್ರ ಮಾಳಿಗಿ ಮ್ಯಾಲ ನಿಂತ್ರ ಬಾಜೂದವ್ರ ಅಂಗಳ ಕಾಣ್ತದ, ಬಚ್ಚಲ ಕಾಣ್ತದ, ತಲಿ ಹಿಕ್ಕೊಳ್ಳೋರು, ಕೂಸಿಗಿ ಹಾಲು ಕುಡಸೋರು ಎಲ್ಲಾ ಕಾಣ್ತಾರ. ಅದಕ್ಕ ಕೂಗು. ನಮ್ಮಪ್ಪ ಕೂಗಿ, ನಿಚ್ಚಣಿಕಿ ಬುಡದಾಗೇ ಜರಾ ಹೊತ್ತು ನಿಲ್ತಿದ್ದ. ಎಲ್ಲೋ ಬಾಗ್ಲ ಮುಚ್ಚಿದ ಸಪ್ಪಳ, ಎಲ್ಲೋ ಲಗುಬಗಿಲೆ ಸೀರಿ ಸೆರಗು ಎಳಕೊಂಡ ಬಳಿ ಸಪ್ಪಳ. ಆಮ್ಯಾಲ ಯಾವದರ ಅಂಗಳದಿಂದ "ಬಾರಪ್ಪೋ" ಅಂತ ದನಿ ಬರ್ತಿತ್ತು. ಆ ದನಿ ಬಂದ ಮ್ಯಾಲೇ ಎರಡನೇ ಕಾಲು ಎತ್ತತಿದ್ದ. "ಕೂಗದಾ ಏರಿದ್ರ ನಮಗೂ ಕಳ್ಳಗೂ ಏನು ಫರಕ್ ಉಳೀತೋ?" ಅಂತಿದ್ದ.

ಒಮ್ಮಿ ಏನಾತಂದ್ರ, ಆ ಮಾಳಿಗಿ ನಡುವ ಬೆಳಕಿಂಡಿ ಅಂತ ತೂತು ಇರ್ತದಲ್ರಿ, ಕೆಳಗ ಅಡಿಗಿ ಮನಿಗಿ ಬೆಳಕು ಬೀಳಾಕ, ಹೊಗಿ ಹೋಗಾಕ, ನಾನು ಅದರಾಗ ಮಾರಿ ಇಟ್ಟು ಬಗ್ಗಿ ನೋಡಿದೆ. ನೋಡಾಕ ಏನೂ ಕೆಟ್ಟ ಮನಸ್ಸಲ್ಲ, ರೊಟ್ಟಿ ವಾಸನಿ ಎಳದಿತ್ತು. ಹೊಗಿ ಮೂಗಿಗಿ ಹೊಕ್ಕು ಸೀನಿದೆ. ಕೆಳಗ ಆಯಿ ಒಬ್ಬಾಕಿ ತಲಿ ಎತ್ತಿ, "ಯಾರೋ ಅಂವ ನನ್ನ ಒಲಿ ಮ್ಯಾಲ ಸೀನೋಂವ?" ಅಂದಳು. ನಮ್ಮಪ್ಪ ನನ್ನ ಕಿವಿ ಹಿಡಿದು ಎಳ್ದ. ಅಷ್ಟರಾಗ ತೂತಿನಿಂದ ಒಂದು ಕೋಲು ಮ್ಯಾಲ ಬಂತು. ಕೋಲಿನ ತುದಿಗಿ ಬಿಸಿ ಸಜ್ಜಿ ರೊಟ್ಟಿ. ನಮ್ಮಪ್ಪ ಒಂದು ಕೈಯಿಲೆ ನನ್ನ ಕಿವಿ ಹಿಂಡಿಕೋತ, ಇನ್ನೊಂದು ಕೈಯಿಲೆ ರೊಟ್ಟಿ ತಗೊಂಡ. "ತಿನ್ನು, ಆದ್ರ ನೋಡಬ್ಯಾಡ" ಅಂದ. ಕಿವಿ ಉರಿ, ರೊಟ್ಟಿ ಬಿಸಿ, ಎರಡೂ ಇವತ್ತಿನ ತನಕ ನೆಪ್ಪದ.

ಹಿಂಗ ಆ ಕೂಗು ನನ್ನ ಗಂಟಲಿಗಿ ಅಂಟಿಕೊಂಡದ್ದು ಬಿಡಲೇ ಇಲ್ಲ. ರೇಣುಕಾನ್ನ ಸುರಪುರದಾಗ ಕೊಟ್ಟೆವು. ಬೀಗರ ಮನಿಗಿ ಮೊದಲ ಸಲ ಹೋದಾಗ ಅವರ ಪಾವಟಿಗಿ ಕಂಡ ಕೂಡ್ಲೆ ಬಾಯಿ ತಾನೇ ಕೂಗಿತು. ಮ್ಯಾಲ ತಾಟು ತಂಬಗಿ ಬಿದ್ದ ಸಪ್ಪಳ. ಬೀಗ್ತಿ ಕಂಗಾಲಾಗಿ ದೇವರ ಕ್ವಾಣಿ ಹೊಕ್ಕಾರ, ಬೆಂಕಿ ಬಿದ್ದದ ಅಂತ ತಿಳಕೊಂಡು! ಆಮ್ಯಾಲ ಭೂಮಿ ಹುಟ್ಟೋ ಮುಂದ ಕಲಬುರಗಿ ದವಾಖಾನ್ಯಾಗ ಲಿಫ್ಟಿನಾಗ ಹೊಂಟಿದ್ದೆವು. ಲಿಫ್ಟು ಮ್ಯಾಲ ಏಳಾಕತ್ತಿತು, ನಾನೂ ಶುರು: "ಏರಾಕತ್ತೀನ್ರವ್ವೋ..." ಲಿಫ್ಟಿನ್ಯಾಗಿನ ನರ್ಸಮ್ಮ ಬಟನ್ ಒತ್ತೋದು ಬಿಟ್ಟು ನನ್ನ ನಾಡಿ ಹಿಡಿದಳು. ನನ್ನ ಹೆಂಡತಿ ನಾಗವ್ವ, "ಅವರಿಗೇನೂ ಆಗಿಲ್ರಿ, ಅವರು ಹಂಗೇ" ಅಂದಳು. ಈ ಮಾತು ಆಕಿ ನನ್ನ ಬಗ್ಗೆ ಎಲ್ಲಾ ಕಡಿ ಹೇಳ್ತಾಳ.

ಈಗ ಮಣ್ಣಿನ ಮಾಳಿಗಿ ಕಡಿಮಿ ಆಗ್ಯಾವ. ಸಿಮೆಂಟ್ ಗಚ್ಚಿ ಬಂದಾವ. ನನ್ನ ಕೊಡ್ತಿ ಮೂಲಿ ಹಿಡದದ. ಆದ್ರ ಒಂದು ಮಾತ್ರ ಬದಲಾಗಿಲ್ಲ. ಬ್ಯಾಸಗಿ ಬಂತಂದ್ರ ನಮ್ಮ ಓಣಿಗಿ ಓಣಿನೇ ಮ್ಯಾಲ ಮಲಗ್ತದ. ಒಳಗಿನ ಝಳ ತಡಕೊಳ್ಳಾಕ ಆಗಂಗಿಲ್ರಿ, ಫ್ಯಾನು ಬಿಸಿ ಗಾಳಿನೇ ತಿರುವ್ತದ. ಹೊತ್ತು ಮುಳುಗೋದ ತಡ, ಮಾಳಿಗಿಗಿ ನೀರು ಚೆಲ್ಲಿ, ಚಾಪಿ ಹಾಸಿ, ಈ ಮಾಳಿಗಿಯಿಂದ ಆ ಮಾಳಿಗಿಗಿ ಮಾತು, ಉಪ್ಪಿನಕಾಯಿ, ಮಜ್ಜಿಗಿ ಹರದಾಡ್ತಾವ. ನಡುವ ಗ್ವಾಡಿ ಇಲ್ಲ, ಇದ್ದದ್ದು ಬರೇ ಮರ್ಯಾದಿ. ಯಾರು ಮ್ಯಾಲ ಬಂದ್ರೂ ಒಂದು ಕೂಗು ಹಾಕೇ ಬರ್ತಾರ.

ಅಂಥಾ ಓಣಿಗಿ ಬಿಲ್ಡರ್ ವಿರೂಪಣ್ಣ ಬಂದ. ಹಳೇ ಹತ್ತಿ ಗೋದಾಮು ಬಿದ್ದು ಖಾಲಿ ಉಳಿದ ಜಾಗ ತಗೊಂಡಾನಂತ. ಕೆಳಗ ಗಾಡಿ ನಿಲ್ಲಾಕ ಜಾಗ, ಅದರ ಮ್ಯಾಲ ನಾಕು ಅಂತಸ್ತು. ಮುಂದ ತಕರಾರು ಬರಬಾರದು ಅಂತ ಓಣಿ ಒಪ್ಪಿಗಿ ಕೇಳಾಕ ಬಂದಿದ್ದ. ಸುದ್ದಿ ಓಣಿ ಮಂದಿ ಸಭಾ ಕೂಡೋ ಬೇವಿನ ಗಿಡದ ಕೆಳಗ ಬಿದ್ದ ಕೂಡ್ಲೆ ಓಣ್ಯಾಗ ಒಬ್ಬೊಬ್ಬರ ಬಾಯಾಗ ಒಂದೊಂದು ಮಾತು. ಒಬ್ಬಾಕಿ ನನ್ನ ಶಾವಿಗಿಗಿ ಬಿಸಲ ಎಲ್ಲಿ ಬೀಳ್ತದ ಅಂದಳು. ಇನ್ನೊಬ್ಬಾಕಿ, ಅಷ್ಟು ಮಂದಿ ಬಂದ್ರ ನಾ ಖಾನಾವಳಿ ತೆಗಿತೀನಿ ಅಂತ ಅವತ್ತೇ ದೊಡ್ಡ ಹಂಚು ತಂದು ಇಟ್ಟಳು. ಶಿವಶರಣಪ್ಪನವ್ರು ಗಟಾರದ ಬಗ್ಗೆ ಎಷ್ಟು ಹೊತ್ತು ಮಾತಾಡಿದ್ರಂದ್ರ, ಗಿಡದ ಮ್ಯಾಲಿನ ಕಾಗಿನೂ ಎದ್ದು ಹೋದವು.

ನಾನು ಸುಮ್ಮ ಕುಂತಿದ್ದೆ. ಯಾಕಂದ್ರ ನನ್ನ ಹೊಟ್ಟ್ಯಾಗ ಬ್ಯಾರೇ ಆಸಿ ಇತ್ತು. ರೇಣುಕಾ ಹುಣಸಗಿಯಾಗ ಸಾಲಿ ಟೀಚರ್. ಈ ವರ್ಷ ಆಕಿಗಿ ಶಹಾಪುರಕ್ಕ ವರ್ಗ ಆಗೇದ, ಅಳಿಯ ಬಸವರಾಜಗ ಯಾದಗಿರಿಗಿ. ನಮ್ಮ ಮನಿ ನಮಗೇ ಸಣ್ಣದು, ಮಗ ಸೊಸಿ ಅವರ ಮಕ್ಕಳು ಎಲ್ಲಾ ಅದರಾಗೇ. "ನಿಮ್ಮ ಓಣ್ಯಾಗ ಆ ಬಿಲ್ಡಿಂಗ್ ಎದ್ರ ಅಲ್ಲೇ ಮನಿ ಹಿಡೀತೀವಿ ಮಾವ. ಇಲ್ಲಾಂದ್ರ ಯಾದಗಿರ್ಯಾಗ ಒಂದು ಮನಿ ನೋಡೀನಿ, ಅದೇ ಖಾಯಂ" ಅಂದಿದ್ದ ಅಳಿಯ. ಅಂವ ಸುಳ್ಳೇನೂ ಅಂದಿಲ್ಲ. ಆದ್ರ ಇಷ್ಟು ವರ್ಷ ನನ್ನ ಮಗಳು ತವರುಮನಿಯಾಗ ಉಂಡದ್ದು ಹ್ಯಾಂಗ ಗೊತ್ತೇನು? ಒಂದು ಕಣ್ಣು ತಾಟಿನ ಮ್ಯಾಲ, ಒಂದು ಕಣ್ಣು ಗಡಿಯಾರದ ಮ್ಯಾಲ. ಅರ್ಧ ರೊಟ್ಟಿ ಕೈಯಾಗ ಹಿಡಕೊಂಡೇ "ಅಪ್ಪ, ಬಸ್ ಹೊತ್ತಾತು" ಅಂತ ಏಳ್ತಿದ್ದಳು. ಭೂಮಿ ನನ್ನ ತೊಡಿ ಮ್ಯಾಲ ಕುಂತು ಕಥಿ ಕೇಳಾಕತ್ತಿದ್ರ, ರಾಕ್ಷಸ ಸಾಯೋದರಾಗೇ ಬಸ್ ಬರ್ತಿತ್ತು. ಎಷ್ಟು ರಾಕ್ಷಸರು ಹಂಗೇ ಜೀವಂತ ಉಳದಾರ!

ಅದಕ್ಕ ನಾನು ಸಭಾದಾಗ ಬಾಯಿ ಬಿಟ್ಟೆ. "ಆಗಲಿ ಬಿಡ್ರಿ, ನಾಕು ಮಂದಿ ಬರ್ತಾರ, ಓಣಿ ತುಂಬಿದಂಗಾಗ್ತದ" ಅಂದೆ. ಆಗ ನಮ್ಮ ಬಾಜೂ ಮನಿ ಖಾಜಾಬಿ ಎದ್ದು ನಿಂತಳು. ಆಕಿ ನನಗಿಂತ ಒಂದೆರಡು ವರ್ಷ ದೊಡ್ಡಾಕಿ, ಆಕಿ ಮಾಳಿಗಿಗಿ ನಾನು ಮಣ್ಣು ಹಾಕಿದಷ್ಟು ಯಾರ ಮಾಳಿಗಿಗೂ ಹಾಕಿಲ್ಲ.

"ಮಾನಪ್ಪ ಭಾಯಿ, ಗಟಾರ ಬಿಡು, ಶಾವಿಗಿ ಬಿಡು. ಬ್ಯಾಸಗಿಯಾಗ ನನ್ನ ಸೊಸಿ, ನನ್ನ ಮೊಮ್ಮಗಳು, ನಾನು, ಎಲ್ಲಾರೂ ಮ್ಯಾಲ ಮಲಗ್ತೀವಿ. ಆ ನಾಕನೇ ಅಂತಸ್ತಿನಿಂದ ಯಾವನೋ ಚಾ ಕುಡ್ಕೋತ ಕೆಳಗ ನೋಡ್ತಾನ. ಅಂವ ಏನು ನಿನ್ನಂಗ ಕೂಗಿ ನೋಡ್ತಾನೇನು?"

 

ವಿರೂಪಣ್ಣ ಹುಷಾರ್ ಮನಷ್ಯಾ. "ಅಷ್ಟು ದೂರಕ್ಕ ಏನು ಕಾಣ್ತದ್ರೀ? ಸುಮ್ಮ ಅಂಜಿಕಿ. ಬಂಬೂ ಕಟ್ಟಿ ಅಷ್ಟೇ ಎತ್ತರಕ್ಕ ಒಂದು ಅಟ್ಟ ನಿಲ್ಲಸ್ತೀನಿ. ನಿಮ್ಮಾಗೇ ಯಾರಾದ್ರೂ ಒಬ್ಬರು ಏರಿ ನೋಡಿ ಬರ್ರಿ" ಅಂದ. ಶಿವಶರಣಪ್ಪನವ್ರು ಚಷ್ಮಾ ಒರಸಿಕೋತ ಮುಂದ ಬಂದ್ರು. ಹೆಣ್ಣಮಕ್ಕಳೆಲ್ಲ ಕೂಡೇ, "ನೀವು ಬ್ಯಾಡ್ರಿ ಸಾಹೇಬ್ರ!" ಅಂದ್ರು. ಖಾಜಾಬಿ ನನ್ನ ಕಡಿ ಬಟ್ಟು ಮಾಡಿದಳು.

"ಮಾನಪ್ಪ ಭಾಯಿ ಏರಲಿ."

"ಅವನ ಮಗಳಿಗೇ ಅಲ್ಲಿ ಮನಿ ಬೇಕಾಗ್ಯದವ್ವ" ಅಂದ್ರು ಶಿವಶರಣಪ್ಪನವ್ರು.

"ಗೊತ್ತದ. ಅದಕ್ಕೇ ಅಂವನೇ ಏರಲಿ."

ಆ ಮಾತಿಗಿ ನನ್ನ ಎದಿ ಉಬ್ಬಿತೋ ಕುಗ್ಗಿತೋ ಹೇಳಾಕ ಬರಂಗಿಲ್ಲ.

ಅಟ್ಟ ನಿಂತಿತು. ಎಲ್ಲಾರೂ ತಮ್ಮ ತಮ್ಮ ಮನಿಗಿ ಹೋಗಿ ದಿನಾ ಮಾಡೋ ಕೆಲಸ ಮಾಡ್ಕೋತ ಇರಬೇಕು, ನಾನು ಏರಿ ನೋಡಿ ಬಂದು ಹೇಳಬೇಕು, ಅಂತ ಮಾತಾಗಿತ್ತು. ನಾಗವ್ವ, "ಈ ವಯಸ್ಸಿನಾಗ ಮಂಗ್ಯಾನಾಟ" ಅಂತ ಬೈದಳು. ನಾನು ಧೋತರ ಕಚ್ಚಿ ಕಟ್ಟಿ, ಬಂಬೂಕ್ಕ ಕೈ ಮುಗುದು ಏರಿದೆ. ಮ್ಯಾಲ ನಿಂತು ಕೆಳಗ ನೋಡಿದೆ. ನೋಡಿದ್ರ ಏನದ? ಖಾಲಿ ಅಂಗಳ, ಮುಚ್ಚಿದ ಬಾಗ್ಲ, ಬಚ್ಚಲಕ್ಕೆಲ್ಲ ಪಡದಿ. ಒಂದು ಕೋಳಿ ಮಾತ್ರ ಅಂಗಳದಾಗ ಧೈರ್ಯದಿಂದ ತಿರಗಾಡಾಕತ್ತಿತ್ತು. ನನಗ ಎಷ್ಟು ಖುಷಿ ಆತಂದ್ರ ಅಲ್ಲಿಂದಲೇ ಜಿಗೀಬೇಕು ಅನಸ್ತು.

ಕೆಳಗಿಳಿದು, "ಏನೂ ಕಾಣಂಗಿಲ್ರಿ! ಖರೇ ಹೇಳ್ತೀನಿ, ಒಂದು ಮನಷ್ಯಾ ಪಿಳ್ಳೆನೂ ಕಾಣಲಿಲ್ಲ!" ಅಂದೆ. ವಿರೂಪಣ್ಣ ಪೇಢೆ ತರಿಸಿದ. ಶಿವಶರಣಪ್ಪನವ್ರು ನನ್ನ ಕೈ ಕುಲುಕಿದ್ರು. ನಾನು ರೇಣುಕಾಗ ಫೋನ್ ಹಚ್ಚಿ, ಪೇಢೆ ಬಾಯಾಗ ಇಟ್ಟುಕೊಂಡೇ, "ನಿನ್ನ ಮನಿ ಆತವ್ವ" ಅಂದೆ. ಆಕಿ ಆ ಕಡಿ ನಗಾಕತ್ತಿದಳು, ಹಿಂದ ಭೂಮಿ ಕುಣಿಯೋ ಸಪ್ಪಳ.

ಅಷ್ಟರಾಗ ನಾಗವ್ವ ಹಿಟ್ಟಿನ ಕೈಲೇ ಬಂದಳು. "ಏನದು ಗದ್ದಲ?"

"ಮ್ಯಾಲಿಂದ ಏನೂ ಕಾಣಂಗಿಲ್ಲಂತ" ಅಂದ ವಿರೂಪಣ್ಣ.

"ಹ್ಯಾಂಗ ಕಾಣಬೇಕು? ಇವರು ಕೂಗಿದ್ರು. ನಾ ಒಳಗ ಹೋದೆ."

"ಯಾರು ಕೂಗಿದ್ರು?" ಅಂದೆ ನಾನು.

ದೇವರಾಣಿ, ನನಗ ನೆಪ್ಪಿಲ್ರಿ. ಬಂಬೂ ಮ್ಯಾಲ ಕಾಲು ಇಟ್ಟದ್ದು ನೆಪ್ಪದ, ಕೂಗಿದ್ದು ನೆಪ್ಪಿಲ್ಲ. ಉಸಿರು ಬಿಟ್ಟದ್ದು ಯಾರಿಗರ ನೆಪ್ಪಿರ್ತದೇನು? ಆದ್ರ ಅಲ್ಲಿದ್ದವರೂ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಖಾಜಾಬಿ ಹಣಿ ಬಡಕೊಂಡಳು. "ಹಾಯ್ ಅಲ್ಲಾ! ನಾನೂ ಓಡೀನಲ್ಲ! ಇವತ್ತ ಮಾನಪ್ಪ ನೋಡಾಕ ಏರ್ತಾನ ಅಂತ ಗೊತ್ತಿದ್ದೂ, ಕೂಗು ಕೇಳಿದ ಕೂಡ್ಲೆ ಸೆರಗು ಎಳಕೊಂಡು ಒಳಗ ಓಡೀನಿ!" ಇನ್ನೊಬ್ಬಾಕಿ, "ನಾ ಪಡದಿ ಕಟ್ಟಿದೆ" ಅಂದಳು. ಮತ್ತೊಬ್ಬಾಕಿ, "ನಾ ಹಸಿ ತಲೀಲೆನೇ ಬಾಗ್ಲ ಹಾಕ್ಕೊಂಡೆ" ಅಂದಳು. ಇಡೀ ಓಣಿ ಪರೀಕ್ಷಾಕ್ಕ ಕುಂತು, ಇಡೀ ಓಣಿನೇ ನಪಾಸಾಗಿತ್ತು. ನಗೋದು ಶುರುವಾತು ನೋಡ್ರಿ, ಬೇವಿನ ಗಿಡದ ಎಲಿ ಉದುರಬೇಕು ಅಂಥಾ ನಗು. ವಿರೂಪಣ್ಣ ಒಬ್ಬನೇ ಪೇಢೆ ಡಬ್ಬಿ ಮುಚ್ಚಿದ.

"ಮತ್ತೊಮ್ಮಿ ಏರಬೇಕು" ಅಂದಳು ಖಾಜಾಬಿ, ಕಣ್ಣೀರು ಒರಸಿಕೊಂಡು. "ಯಾವತ್ತ ಅಂತ ನಮಗ ಹೇಳಬ್ಯಾಡ. ಬಾಯಿ ಮುಚ್ಚಿಕೊಂಡು ಏರು."

ಬಾಯಿ ಮುಚ್ಚಿಕೋ ಅಂದ್ರ ಮುಚ್ಚಿಕೊಳ್ಳೋ ಬಾಯಿ ಅಲ್ಲ ಇದು. ಶಿವಶರಣಪ್ಪನವ್ರು ಟವೆಲ್ ಕಟ್ಟೋಣು ಅಂದ್ರು. ನಾಗವ್ವ, "ಟವೆಲ್ ಯಾಕ? ನಾ ಮಾಡ್ತೀನಿ" ಅಂದು, ಎರಡು ದಿನ ಬಿಟ್ಟು ಓಣಿಗಿ ಹೇಳದಾ ಒಂದು ಮುಂಜಾನಿ ಎಲಿ ಮ್ಯಾಲ ಎಲಿ ಇಟ್ಟು, ಸುಣ್ಣ ಹಚ್ಚಿ, ಅಡಿಕಿ ತುಂಬಿ, ನನ್ನ ಮುಷ್ಟಿಯಷ್ಟು ದೊಡ್ಡದು ಸುತ್ತಿ ಬಾಯಾಗ ತುರುಕಿದಳು. ಈಗ ಬಂತು ನೋಡ್ರಿ ಆ ಎರಡನೇ ಚಟ ಕೆಲಸಕ್ಕ. ಬಂಬೂ ಮ್ಯಾಲ ಕಾಲು ಇಟ್ಟೆ. ಕೂಗು ಗಂಟಲಿಗಿ ಬಂದು ಎಲಿಗಿ ಡಿಕ್ಕಿ ಹೊಡದು ತಿರುಗಿ ಹೋತು. ಕಣ್ಣಾಗ ನೀರು ಬಂತು. ಹಂಗೇ ಏರಿದೆ. ಜೀವನದಾಗ ಮೊದಲ ಸಲ ಕೂಗದಾ ಏರಿದ್ದೆ.

ಕಂಡಿತ್ರಿ. ಎಲ್ಲಾ ಕಂಡಿತು. ಖಾಜಾಬಿ ತನ್ನ ಮಾಳಿಗಿ ಮ್ಯಾಲ ಕುಂತು ಮದರಂಗಿ ಹಚ್ಚಿದ ಕೆಂಪ ಕೂದಲು ಬಿಸಲಿಗಿ ಬಿಟ್ಟಿದ್ದಳು. ಇಷ್ಟು ವರ್ಷ ಬಾಜೂ ಮನಿ, ಆಕಿ ತಲಿಮ್ಯಾಲಿನ ಸೆರಗು ಸರದದ್ದು ನಾ ಕಂಡಿರಲಿಲ್ಲ. ಶಿವಶರಣಪ್ಪನವ್ರ ಮನಿಯವ್ರು, ಗಂಡ ಯಾರಿಗೂ ಮುಟ್ಟಗೊಡದ ಆರಾಮ್ ಕುರ್ಚ್ಯಾಗ ಕಾಲ ಮ್ಯಾಲ ಕಾಲು ಹಾಕಿ ಶೇಂಗಾ ತಿನ್ನಾಕತ್ತಿದ್ರು. ಆಕಡಿ ಒಂದು ಅಂಗಳದಾಗ ಒಬ್ಬ ತಾಯಿ ಹೊರಸಿನ ಮ್ಯಾಲ ಕುಂತು ಕೂಸಿಗಿ ಹಾಲು ಕುಡಸಾಕತ್ತಿದಳು. ನಾ ಗಪ್ಪನ ಮಾರಿ ತಿರುವಿದೆ.

ತಿರುವಿದ್ರ ಹಿಂದ ಗುಡ್ಡ. ನಮ್ಮ ಶಹಾಪುರದ ಗುಡ್ಡ ನೋಡಿದವ್ರಿಗಿ ಗೊತ್ತು, ಬುದ್ಧ ಅಂಗಾತ ಮಲಗಿದಂಗ ಕಾಣ್ತದ, ಹಣಿ, ಮೂಗು, ಎದಿ ಸಹಿತ. ನಾವು ಬ್ಯಾಸಗಿಯಾಗ ಮಾಳಿಗಿ ಮ್ಯಾಲ ಮಲಗಿದಂಗೇ ಅಂವನೂ ಬಯಲಾಗ ಮಲಗ್ಯಾನ. ಅದನ್ನ ನೋಡ್ಕೋತ ಜರಾ ಹೊತ್ತು ನಿಂತೆ, ಕೆಳಗಿಳಿದು ಏನು ಹೇಳಬೇಕು ಅನ್ನೋದು ಎಲಿಗಿಂತ ದೊಡ್ಡದಾಗಿ ಬಾಯಾಗ ಕುಂತಿತ್ತು.

ನಾ ಇಳಿಯೋದು ಕಂಡು ಎಲ್ಲಾರೂ ಬಂದು ಸುತ್ತುಗಟ್ಟಿದ್ರು. "ಏನಾತು? ಕಂಡಿತೋ ಇಲ್ಲೋ?" ನಾನು ಕೈ ಎತ್ತಿ, ಮೂಲಿಗಿ ಓಡಿ, ಉಗುಳಿ, ಬಾಯಿ ಮುಕ್ಕಳಿಸಿ ಬಂದೆ.

"ಕಾಣ್ತದ" ಅಂದೆ. "ಎಲ್ಲಾ ಕಾಣ್ತದ. ಏನು ಕಂಡಿತು ಅಂತ ಕೇಳಬ್ಯಾಡ್ರಿ."

ಶಿವಶರಣಪ್ಪನವ್ರು ಅದನ್ನೇ ಕೇಳಿದ್ರು. ನಾ ಹೇಳಲಿಲ್ಲ. ಆರಾಮ್ ಕುರ್ಚಿ ಸುದ್ದಿ ಈಗ ಇಲ್ಲಿ ಬರದೀನಿ, ಆ ಮನ್ಯಾಗ ಇದನ್ನ ಯಾರೂ ಓದಬಾರದು ಅಷ್ಟೇ.

ರೇಣುಕಾಗ ಫೋನ್ ಹಚ್ಚಾಕ ಕೈ ಬರಲಿಲ್ಲ. ಸಂಜಿಗಿ ಆಕಿನೇ ಹಚ್ಚಿದಳು. ಹೇಳ್ದೆ. "ಇರಲಿ ಬಿಡಪ್ಪ. ನೀ ಸುಳ್ಳು ಹೇಳಿ ಆ ಮನಿ ಆಗಿದ್ರ ನನಗ ಅಲ್ಲಿ ನಿದ್ದಿ ಬರ್ತಿರಲಿಲ್ಲ. ಯಾದಗಿರಿ ಏನು ದೂರ?" ಅಂದಳು. ಆಕಿ ದನಿ ಮಾತ್ರ ಬಸ್ ಸ್ಟ್ಯಾಂಡಿನಾಗ ನಿಂತವರ ದನಿ ಇದ್ದಂಗಿತ್ತು. ಫೋನ್ ಇಟ್ಟು ನಾ ಅವತ್ತೇ ಠರಾಯಿಸಿದೆ. ನನ್ನ ಮಗಳು ಈ ಓಣಿಗಿ ಬರಬೇಕು. ಖಾಜಾಬಿ ತನ್ನ ಮಾಳಿಗಿ ಮ್ಯಾಲ ಕೂದಲು ಒಣಗಿಸಬೇಕು. ಎರಡರಾಗ ಒಂದನ್ನೂ ಬಿಡೋ ಮನಷ್ಯಾ ನಾನಲ್ಲ.

ಮರುದಿನ ವಿರೂಪಣ್ಣನ ಹತ್ರ ಹೋದೆ. "ನಿನ್ನ ಬಿಲ್ಡಿಂಗಿನ ಮಾರಿ ಆ ಕಡಿ ತಿರುವು" ಅಂದೆ.

"ಕಾಕಾ, ಬಿಲ್ಡಿಂಗ್ ಅಂದ್ರ ಏನು ಎಮ್ಮಿ ಏನು, ಹಗ್ಗ ಹಿಡಿದು ತಿರುವಾಕ? ಮಂದಿಗಿ ಓಣಿ ಕಡಿ ಬಾಲ್ಕನಿ ಬೇಕು."

"ಬಾಲ್ಕನಿ ಕೊಡು, ಬ್ಯಾಡ ಅಂದವ್ರು ಯಾರು? ಗುಡ್ಡದ ಕಡಿ ಕೊಡು. ಓಣಿ ಕಡಿ ಜಾಳಿ ಕಟ್ಟು."

ಅಂವ ನಕ್ಕ. ನಾ ಅವತ್ತ ಸಂಜಿಗೂ ಹೋದೆ. ಮರುದಿನಾನೂ ಹೋದೆ. ಅಂವ ಚಾ ಕುಡಿಯೋ ಅಂಗಡ್ಯಾಗ ಹೋಗಿ ಎದುರಿಗಿ ಕುಂತೆ. ಗಾಡಿ ಹತ್ತಿದ್ರ ಗಾಡಿ ಹ್ಯಾಂಡಲ್ ಹಿಡಕೊಂಡೆ. ಅವನ ಹೆಂಡತಿ ಒಳಗಿಂದ "ನಿಮ್ಮ ಜಾಳಿ ಕಾಕಾ ಬಂದಾನ ನೋಡ್ರಿ" ಅಂತ ಕರಿಯೋ ತನಕ ಬಂತು ಮಾತು. ಕಡೀಕ ಅಂವಗೇ ಸಾಕಾಗಿ, "ತೋರಿಸು ನಿನ್ನ ಜಾಳಿ" ಅಂದ.

ಸಣ್ಣಂವ ಇದ್ದಾಗ ಒಂದು ಹಳೇ ವಾಡೇದ ಮಾಳಿಗಿ ಕೆಲಸಕ್ಕ ಹೋಗಿದ್ದೆ. ಅಲ್ಲಿ ಗ್ವಾಡಿ ತುಂಬ ತೂತು ತೂತು ಜಾಳಿ. ಒಳಗ ನಿಂತ್ರ ಗಾಳಿ ಬರ್ತದ, ಬೆಳಕು ಬರ್ತದ, ಹೊರಗಿನ ಆಕಾಶ ಕಾಣ್ತದ, ಬಗ್ಗಿ ಕೆಳಗ ನೋಡಾಕ ಹೋದ್ರ ಮಾತ್ರ ಇಟ್ಟಂಗಿ ಅಡ್ಡ ಬರ್ತಾವ. ಅದನ್ನೇ ನಾನು ಖಾಲಿ ಜಾಗದಾಗ, ಮಗನ್ನ ಜೋಡಿ ಹಾಕ್ಕೊಂಡು, ಇಟ್ಟಂಗಿ ಮ್ಯಾಲ ಇಟ್ಟಂಗಿ ಓರಿ ಇಟ್ಟು ಕಟ್ಟಿ ತೋರಿಸಿದೆ. ಮೊದಲ ಸಲ ಕಟ್ಟಿದ್ದು ಧಡಕ್ಕನ ಬಿತ್ತು. ಎರಡನೇ ಸಲ ನಿಂತಿತು. ಖಾಜಾಬಿ ಹಿಂದ ನಿಂತು, ಮುಂದ ನಿಂತು, ಬಗ್ಗಿ, ಎದ್ದು, ಕಣ್ಣು ಸಣ್ಣ ಮಾಡಿ ನೋಡಿದಳು. "ಹೌದಲ್ಲ, ಬಗ್ಗಿದ್ರೂ ಕೆಳಗಿಂದು ಕಾಣಂಗಿಲ್ಲ" ಅಂದಳು. ಅಷ್ಟಂದು ಸುಮ್ಮಾಗಲಿಲ್ಲ, "ಖರೇ ಬಿಲ್ಡಿಂಗಿಂದು ಬೀಳಂಗಿಲ್ಲಲ್ಲ?" ಅಂದಳು.

ಆಮ್ಯಾಲ ವಿರೂಪಣ್ಣನ್ನ ಅಟ್ಟದ ಮ್ಯಾಲ ಕರಕೊಂಡು ಹೋದೆ. ಹೊತ್ತು ಮುಳುಗೋ ಯಾಳ್ಯಾ. ಕೂಗಿದೆ, ಈ ಸಲ ಬೇಕಂತಲೇ, ಓಣಿ ಮಂದಿ ಸಾವರಿಸಿಕೊಳ್ಳೋ ಸಪ್ಪಳ ಅಂವಗೂ ಕೇಳಿಸಲಿ ಅಂತ. ಮ್ಯಾಲ ನಿಲ್ಲಿಸಿ ಅವನ ಭುಜ ಹಿಡಿದು ಗುಡ್ಡದ ಕಡಿ ತಿರುವಿದೆ. ಕೆಂಪ ಬೆಳಕಿನಾಗ ಬುದ್ಧನ ಮಾರಿ ಈಗ ಎಚ್ಚರಾಗ್ತದೇನೋ ಅನ್ನಂಗಿತ್ತು.

"ಇಂವನ್ನ ನೋಡಾಕ ಮಂದಿ ಎಲ್ಲೆಲ್ಲಿಂದಲೋ ಬರ್ತಾರ. ನೀ ಇಂವಗ ಬೆನ್ನು ತಿರುವಿ, ನಮ್ಮ ಬಚ್ಚಲದ ಕಡಿ ಮಾರಿ ಮಾಡಿ ಮನಿ ಕಟ್ತೀ ಏನು? ನೋಡಬೇಕಂದ್ರ ಇಂವನ್ನ ನೋಡ್ರಪ್ಪ, ಬೇಕಾದಷ್ಟು ನೋಡ್ರಿ. ಇಂವ ಬ್ಯಾಡ ಅನ್ನಂಗಿಲ್ಲ."

ವಿರೂಪಣ್ಣ ಮೊಬೈಲ್ ತೆಗೆದು ಫೋಟೋ ಹೊಡ್ಕೊಂಡ. ಫೋಟೋ ಹೊಡ್ಕೊಂಡನಂದ್ರ ಒಪ್ಪಿದಂಗೇ ಅಂತ ನನಗ ಗೊತ್ತಾತು.

ಇವತ್ತಿನ ಸಭಾದಾಗ ಅಂವ ಎಲ್ಲಾರ ಮುಂದ ಹೇಳಿದ. ಮನಿಗೋಳ ಮಾರಿ ಗುಡ್ಡದ ಕಡಿ. ಓಣಿ ಕಡಿ ಕೆಳಗಿಂದ ಮ್ಯಾಲಿನ ತನಕ ಜಾಳಿ. ಗಟಾರಕ್ಕ ಬ್ಯಾರೇ ಹಾದಿ. ಶಿವಶರಣಪ್ಪನವ್ರು ಗಟಾರದ ಮಾತು ಮತ್ತೊಮ್ಮಿ ಪೂರಾ ಹೇಳಿ ಒಪ್ಪಿದ್ರು. ಎಲ್ಲಾರೂ ಖಾಜಾಬಿ ಕಡಿ ನೋಡಿದ್ವಿ.

"ಗಚ್ಚಿ?" ಅಂದಳು ಖಾಜಾಬಿ. "ಎಲ್ಲಾಕ್ಕಿಂತ ಮ್ಯಾಲ ಗಚ್ಚಿ ಇರ್ತದಲ್ಲ. ಅಲ್ಲಿ ಜಾಳಿ ಇಲ್ಲ. ಅಲ್ಲಿಗಿ ಏರೋರು ಕೂಗ್ತಾರೇನು?"

"ಕೂಗಾಕ ಅವರಿಗೆಲ್ಲಿ ಬರ್ತದವ್ವ" ಅಂದ ವಿರೂಪಣ್ಣ, ತಲಿ ಕೆರಕೊಂಡು.

ಆಗ ನಾಗವ್ವ, ಸಭಾದಾಗ ಎಂದೂ ಬಾಯಿ ಬಿಡದಾಕಿ, ನಿಂತಲ್ಲಿಂದಲೇ ಅಂದಳು: "ಗಚ್ಚಿ ಬಾಗ್ಲಕ್ಕ ಒಂದು ಗಂಟಿ ಕಟ್ರಿ. ಬಾಗ್ಲ ತೆಗದ್ರ ಗಂಟಿ ಬಾರಿಸಬೇಕು. ಅಷ್ಟೇ ಅಲ್ಲೇನು?"

ಖಾಜಾಬಿ ನಕ್ಕಳು. "ಗಂಟಿ ದೊಡ್ಡದು ಇರಬೇಕು. ನಿನ್ನ ಗಂಡನಷ್ಟು ಗದ್ದಲ ಮಾಡಬೇಕು." ಅಂದು, ತಲಿ ಮ್ಯಾಲ ಸೆರಗು ಸರಿ ಮಾಡ್ಕೊಂಡು, ನನ್ನ ಕಡಿ ನೋಡಿ, "ಬರಲಿ ನಿನ್ನ ಬೇಟಿ. ನನಗೂ ಬೇಟಿನೇ" ಅಂದಳು.

ಗಂಡಸು ಅಳಬಾರದು ಅಂತ ಯಾರು ಹೇಳ್ಯಾರೋ, ಅವರ ಮಗಳು ಪಕ್ಕದ ಓಣ್ಯಾಗೇ ಇದ್ದಿರಬೇಕು.

ಮಧ್ಯಾಹ್ನದ ಬಸ್ಸಿಗೇ ಬಂದ್ರು ಎಲ್ಲಾರೂ, ರೇಣುಕಾ, ಬಸವರಾಜ, ಭೂಮಿ. ಸಾಲಿ ಸೂಟಿ ಅದ. ಬಿಲ್ಡಿಂಗ್ ಏಳೋ ತನಕ ಇಕ್ಕಟ್ಟಾದ್ರೂ ನಮ್ಮ ಮನ್ಯಾಗೇ ಇರ್ತಾರಂತ, ಅಳಿಯನೇ ಹೇಳ್ದ. ಯಾದಗಿರಿಗಿ ದಿನಾ ಬಸ್ಸಿಗಿ ಅಂವ ಓಡಾಡ್ತಾನಂತ. ಇನ್ನ ಗಡಿಯಾರ ನೋಡೋ ಪಾಳಿ ಅವಂದು.

ಸಂಜಿಗಿ ಮಾಳಿಗಿಗಿ ನೀರು ಚೆಲ್ಲಿದೆ. ಬಿಸಿಯಾದ ಮಣ್ಣು ನೀರು ಕುಡದು ಎಂಥಾ ವಾಸನಿ ಬಿಡ್ತದ ಅಂತೀರಿ! ಮಗ ಚಾಪಿ ಹಾಸಿದ. ಸೊಸಿ ಬದನಿಕಾಯಿ ಎಣಗಾಯಿ, ಪುಂಡಿ ಪಲ್ಲೆ ತಂದಿಟ್ಟಳು. ನಾಗವ್ವ ಗೋಧಿ ಹುಗ್ಗಿ ಮಾಡ್ಯಾಳ, ತುಪ್ಪ ಕೈ ಬಿಟ್ಟು ಸುರುವ್ಯಾಳ. ಎಲ್ಲಾರೂ ಸುತ್ತ ಕುಂತ್ವಿ. ರೊಟ್ಟಿ ಬುಟ್ಟಿ ಕೆಳಗೇ ಉಳದಿತ್ತು. "ನಾ ತರ್ತೀನಿ" ಅಂತ ಭೂಮಿ ಇಳಿದು ಹೋದಳು.

ಆಮ್ಯಾಲ ಕೆಳಗಿಂದ, ನಿಚ್ಚಣಿಕಿ ಬುಡದಿಂದ, ಸಣ್ಣ ದನಿ ಬಂತು:

"ಏರಾಕತ್ತೀನ್ರವ್ವೋ... ಸಾವರಿಸಿಕೊಳ್ರೀ!"

ಯಾರೂ ಕಲಿಸಿಲ್ರಿ ಆಕಿಗಿ. ನಾನಂತೂ ಕಲಿಸಿಲ್ಲ. ಬಾಜೂ ಮಾಳಿಗಿಯಿಂದ ಖಾಜಾಬಿ, "ಬಾರವ್ವೋ" ಅಂದಳು. ಆ ಕಡಿ ಮಾಳಿಗಿಯಿಂದ ಇನ್ನೊಂದು ದನಿ, "ಬಾ ಬಾ" ಅಂತು. ಅದರಾಚಿಂದ ಶಿವಶರಣಪ್ಪನವ್ರ ದನಿನೂ ಬಂತು, "ಬರ್ರಿ ಮೇಡಮ್" ಅಂತ. ಭೂಮಿ, ದನಿ ಬಂದ ಮ್ಯಾಲೇ, ಎರಡನೇ ಕಾಲು ಎತ್ತಿದಳು.

ಬುಟ್ಟಿ ನಡುವ ಬಂತು. ಖಾಜಾಬಿ ಗ್ವಾಡಿ ಇಲ್ಲದ ಆ ಗಡಿ ದಾಟಿಸಿ ಒಂದು ತಾಟು ಬೆಲ್ಲ ಹಾಕಿದ ಮಲೀದ ಸರಿಸಿದಳು. ಅಳಿಯ ಎರಡನೇ ಸಲ ಹುಗ್ಗಿ ಹಾಕಿಸಿಕೊಂಡ. ಭೂಮಿ ನನ್ನ ತೊಡಿ ಮ್ಯಾಲ ಕುಂತು, "ಮುತ್ಯಾ, ಆ ರಾಕ್ಷಸ ಏನಾದ?" ಅಂದಳು. "ಇವತ್ತ ಸಾಯ್ತಾನ, ಉಂಡು ಮುಗಿಸು" ಅಂದೆ. ನಾ ರೇಣುಕಾನ ತಾಟನ್ನೇ ನೋಡಾಕತ್ತಿದ್ದೆ. ಆಕಿ ರೊಟ್ಟಿ ಮುರದು, ಪಲ್ಲೆ ಹಚ್ಚಿ, ನಿಧಾನಕ್ಕ ಅಗಿದು, ಗುಡ್ಡದ ಕಡಿ ನೋಡಿ, ತಾಟು ಮುಂದ ಸರಿಸಿದಳು.

"ಅವ್ವ, ಇನ್ನೊಂದು ರೊಟ್ಟಿ ಹಾಕು."

ನಾಗವ್ವ ಹಾಕಿದಳು.